ಪ್ರ: ವೆಸ್ಟ್‌ಪೋರ್ಟ್‌ನ ನನ್ನ 500 ಷೇರು 50 ಆಗಿದ್ದು ಹೇಗೆ?

ಗಾಬರಿ ಬೇಡ ಸರ್, ನಿಮ್ಮ 450 ಷೇರನ್ನು ಯಾರೂ ನುಂಗಿಲ್ಲ. ಲಾರಿ ಎಂಜಿನ್‌ಗಳನ್ನು ಗ್ಯಾಸಿನಲ್ಲಿ ಓಡಿಸುವ ತಂತ್ರಜ್ಞಾನದ ಕೆನಡಾ ಕಂಪನಿ ವೆಸ್ಟ್‌ಪೋರ್ಟ್ 2023ರ ಜೂನ್‌ನಲ್ಲಿ ಹತ್ತು ಷೇರು ಸೇರಿಸಿ ಒಂದು ಮಾಡಿತು. ರಿವರ್ಸ್ ಸ್ಪ್ಲಿಟ್ ಅಂತಾರೆ. ಹತ್ತರ ಹತ್ತು ನೋಟು ಕೊಟ್ಟು ನೂರರ ಒಂದು ನೋಟು ತಗೊಂಡ ಹಾಗೆ. ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ಷೇರು ಒಂದು ಡಾಲರ್‌ಗಿಂತ ಕೆಳಗೇ ಉಳಿದರೆ ಪಟ್ಟಿಯಿಂದ ತೆಗೆಯುವ ನಿಯಮವಿದೆ, ಅದಕ್ಕೇ ಈ ಕಸರತ್ತು. ನೀವು 2 ಡಾಲರ್‌ಗೆ ಕೊಂಡಿದ್ದರೆ ಈಗ ಅಸಲು 20 ಅಂತ ಬರೆದುಕೊಳ್ಳಿ. ಚಾರ್ಟ್‌ನ ಹಳೇ ಬೆಲೆಗಳೂ ಹತ್ತು ಪಟ್ಟಾಗಿ ಕಾಣುತ್ತವೆ. ಅದನ್ನು ನೋಡಿ ನಾನೂ ಒಮ್ಮೆ ಸುಮ್ನೆ ಹೊಟ್ಟೆ ಉರಿಸಿಕೊಂಡಿದ್ದೆ!

‘ಎಂಜಿನ್ ಅಷ್ಟು ಚೆನ್ನಾಗಿದ್ದರೂ ಷೇರು ಯಾಕೆ ಹೀಗೆ’ ಅಂತಲೂ ಕೇಳಿದ್ದೀರಿ. ಎಂಜಿನ್ ನಿಜಕ್ಕೂ ಚೆನ್ನಾಗಿದೆ. ಒಂದೇ ಇಂಜೆಕ್ಟರ್ ಮೊದಲು ಚೂರು ಡೀಸೆಲ್ ಚಿಮ್ಮಿಸುತ್ತದೆ, ಅದು ಹೊತ್ತಿಕೊಂಡು ಹಿಂದೆ ಬರುವ ಗ್ಯಾಸನ್ನು ಉರಿಸುತ್ತದೆ. ವೋಲ್ವೋ ಲಾರಿಗಳಲ್ಲಿ ಇದು ಓಡುತ್ತಿದೆ. ಆದರೆ ಅಮೆರಿಕದ ಎಂಜಿನ್ ತಯಾರಕ ಕಮಿನ್ಸ್ ಜೊತೆಗಿನ ಪಾಲುದಾರಿಕೆ 2021ರ ಕೊನೆಗೆ ಮುಗಿಯಿತು, ಆ ದಾರಿಯ ಲಾಭವೂ ನಿಂತಿತು. 2024ರಲ್ಲಿ ಈ ಇಂಜೆಕ್ಟರ್ ತಂತ್ರಜ್ಞಾನಕ್ಕೆಂದೇ ವೋಲ್ವೋ ಜೊತೆ ಸೆಸ್ಪಿರಾ ಎಂಬ ಜಂಟಿ ಕಂಪನಿ ಶುರುವಾದಾಗ ಅದರಲ್ಲಿ 45% ಪಾಲು ವೋಲ್ವೋದ್ದಾಯಿತು. ನಾನಂತೂ ಕಂಪನಿಯ ಪ್ರಕಟಣೆ ಓದೋದು ಬಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಬರುವ ವರದಿಯಲ್ಲಿ ಕೈಲಿರುವ ನಗದು ಎಷ್ಟು ಅಂತ ಮಾತ್ರ ನೋಡ್ತೀನಿ.