ಕೆಇಎಂ ಸಿಗಲಿಲ್ಲ, ಸಯಾನ್ ಸಿಕ್ಕಿದೆ. ಒಂದು ವರ್ಷ ಬಿಟ್ಟು ಮತ್ತೆ ನೀಟ್ ಬರೆಸಬೇಕಾ?

ಮಗಳಿಗೆ ಮುಂಬೈಯ ಕೆಇಎಂ ಮೆಡಿಕಲ್ ಕಾಲೇಜು ಕೈತಪ್ಪಿ ಅಲ್ಲಿನದ್ದೇ ಸಯಾನ್ ಕಾಲೇಜು ಸಿಕ್ಕಿದೆ, ನೆಂಟರೆಲ್ಲ "ಅಯ್ಯೋ, ಸಯಾನಾ?" ಅಂತಿದ್ದಾರೆ, ಇನ್ನೊಂದು ವರ್ಷ ಮನೆಯಲ್ಲಿ ಕೂರಿಸಿ ಓದಿಸೋಣವಾ ಅಂತ ಕೇಳಿದ್ದೀರಿ. ಬೇಡ ಸರ್, ದಯವಿಟ್ಟು ಕೂರಿಸಬೇಡಿ. ನಾನು ಮುಂಬೈಯ ವಡಾಲದ ಹುಡುಗಿ, ಸಯಾನ್‌ನಲ್ಲೇ ಓದಿದವಳು. ಈ "ಅಯ್ಯೋ" ನನಗೂ ಹೊಸದಲ್ಲ.

ಕೆಇಎಂಗೆ ಹೆಸರು ಸುಮ್ನೆ ಬಂದಿಲ್ಲ. 1926ರಲ್ಲಿ ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆಯ ಜಿ.ಎಸ್. ಮೆಡಿಕಲ್ ಕಾಲೇಜು ಶುರುವಾದಾಗ, ಇಲ್ಲಿ ಭಾರತೀಯ ಡಾಕ್ಟರುಗಳೇ ಕೆಲಸ ಮಾಡಬೇಕು ಅಂತ ದುಡ್ಡು ಕೊಟ್ಟವರು ಷರತ್ತು ಹಾಕಿದ್ದರು. ಬ್ರಿಟಿಷರ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1986ರಲ್ಲಿ ಡಾ. ಇಂದಿರಾ ಹಿಂದುಜಾ ಟೆಸ್ಟ್ ಟ್ಯೂಬ್ ಮಗುವಿನ ಹೆರಿಗೆ ಮಾಡಿಸಿ ಹೆಸರಾದದ್ದೂ ಅಲ್ಲೇ. ಬೈಕುಲ್ಲಾದ ಗ್ರ್ಯಾಂಟ್ ಮೆಡಿಕಲ್ ಕಾಲೇಜು, ಅಂದರೆ ನಾವು ಜೆಜೆ ಅನ್ನುವುದು, 1845ರದ್ದು. ಪ್ಲೇಗ್ ಬಂದಾಗ ಹಾಫ್ಕಿನ್ ಎಂಬ ವಿಜ್ಞಾನಿ ಲಸಿಕೆ ತಯಾರಿಸಿದ್ದು ಆ ಕಾಲೇಜಿನ ಒಂದು ಲ್ಯಾಬ್‌ನಲ್ಲಿ. ನಾಯರ್ ಕಾಲೇಜು 1921ರದ್ದು. ಇವರ ಮುಂದೆ 1964ರ ಸಯಾನ್ ಚಿಕ್ಕ ತಂಗಿ. ನೆಂಟರು ನೋಡುವುದು ಈ ವಯಸ್ಸು, ಮತ್ತೆ ಕಟ್‌ಆಫ್. ಅಷ್ಟೇ.

ಆದರೆ ಸಯಾನ್ ಆಸ್ಪತ್ರೆ ಎಲ್ಲಿದೆ ನೋಡಿ. ಒಂದು ಕಡೆ ಧಾರಾವಿ, ಪಕ್ಕದಲ್ಲೇ ಹೈವೇ, ಲೋಕಲ್ ಟ್ರೈನಿನ ಹಳಿ. ಟ್ರೈನಿನಿಂದ ಬಿದ್ದವರು, ಬೈಕ್ ಆಕ್ಸಿಡೆಂಟ್ ಆದವರು ಬರುವುದು ಇಲ್ಲಿಗೇ. ನಾನು ಹೊಲಿಗೆ ಹಾಕಲು ಕಲಿತದ್ದು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ, ಪುಸ್ತಕದಿಂದ ಅಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಏಷ್ಯಾದಲ್ಲೇ ಮೊದಲ ತಾಯಿ ಹಾಲಿನ ಬ್ಯಾಂಕ್ ಶುರುವಾದದ್ದು ಸಯಾನ್‌ನಲ್ಲಿ, 1989ರಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಕೈಯಲ್ಲಿ. ಹಾಲು ಜಾಸ್ತಿ ಇರುವ ಬಾಣಂತಿಯರು ಕೊಟ್ಟ ಹಾಲನ್ನು ಬಿಸಿ ಮಾಡಿ, ಪರೀಕ್ಷೆ ಮಾಡಿ, ಫ್ರೀಜ್ ಮಾಡಿ ಇಡುತ್ತಾರೆ. ತಿಂಗಳು ತುಂಬದೆ ಹುಟ್ಟಿದ ಒಂದು ಕೂಸಿನ ಬಾಯಿಗೆ ಸಿಸ್ಟರ್ ಒಬ್ಬರು ತೆಳ್ಳನೆ ನಳಿಕೆ ಇಳಿಸಿ ಹನಿ ಹನಿಯಾಗಿ ಹಾಲು ಬಿಡುತ್ತಿದ್ದರು. ಕೂಸಿನ ಕೈ ನನ್ನ ಹೆಬ್ಬೆರಳಿನಷ್ಟೂ ಇರಲಿಲ್ಲ. ಆ ಹಾಲು ಯಾರದ್ದೋ. ನಾನು ಮಕ್ಕಳ ಡಾಕ್ಟರ್ ಆಗಬೇಕು ಅಂತ ಅನಿಸಿದ್ದು ಅವತ್ತೇ.

ನಿಮ್ಮ ಮಗಳಿಗೆ ಕನ್ನಡ ಬರುತ್ತದೆ ಅಲ್ವಾ? ಅದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು ಮುಂಬೈಯಲ್ಲಿ ತುಂಬಾ ಇದ್ದಾರೆ. ಒಮ್ಮೆ ಸೀನಿಯರ್ ನನ್ನನ್ನು ಕೂಗಿ ಕರೆದರು. ಬೆಂಚಿನ ಮೇಲೆ ಒಬ್ಬ ಅಜ್ಜಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದಳು. ಹಿಂದಿಯಲ್ಲಿ ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ನಾನು ಪಕ್ಕ ಕೂತು "ಏನಾಗ್ತಿದೆ ಅಜ್ಜಿ?" ಅಂದೆ. "ಎದಿ ಭಾರ ಆಗ್ಲಾಕತ್ತದ ಯವ್ವಾ" ಅಂದಳು, ಅಂದವಳೇ ನನ್ನ ಕೈ ಹಿಡಿದುಕೊಂಡಳು. ಇಸಿಜಿ ಆಗುವ ತನಕ ಬಿಡಲಿಲ್ಲ.

ಕೆಇಎಂ, ನಾಯರ್, ಸಯಾನ್ ಮೂರನ್ನೂ ನಡೆಸುವುದು ಬಿಎಂಸಿ, ಅಂದರೆ ಮುಂಬೈ ಮಹಾನಗರ ಪಾಲಿಕೆ. ಜೆಜೆ ರಾಜ್ಯ ಸರ್ಕಾರದ್ದು. ನಾಲ್ಕಕ್ಕೂ ಡಿಗ್ರಿ ಕೊಡುವುದು ನಾಸಿಕ್‌ನ ಒಂದೇ ಯೂನಿವರ್ಸಿಟಿ. ಮುಂದೆ ಪಿಜಿ ಸೀಟು ಸಿಗುವುದು ನೀಟ್ ಪಿಜಿ ರ್‍ಯಾಂಕಿನಿಂದ. ಕಾಲೇಜಿನ ಹೆಸರು ದೊಡ್ಡದಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ.

ಮುಂದಿನ ಕೌನ್ಸೆಲಿಂಗ್ ರೌಂಡಿನಲ್ಲಿ ಕೆಇಎಂ ಬಂದರೆ, ಅವಳಿಗೂ ಮನಸ್ಸಿದ್ದರೆ ಹೋಗಲಿ, ಒಳ್ಳೆಯದೇ. ಬರದಿದ್ದರೆ ಸಯಾನ್‌ಗೆ ಸೇರಿಸಿ. ಬರೀ ಹೆಸರಿಗೋಸ್ಕರ ಹದಿನೆಂಟು ವರ್ಷದ ಹುಡುಗಿಯನ್ನು ಇನ್ನೊಂದು ವರ್ಷ ಅದೇ ಎಂಸಿಕ್ಯೂ ಪುಸ್ತಕಗಳ ಮುಂದೆ ಕೂರಿಸಬೇಡಿ. ಫಸ್ಟ್ ಇಯರ್‌ನಲ್ಲಿ ಏನಾದರೂ ಬೇಕಿದ್ದರೆ ಇಲ್ಲೇ ಬರೆಯಲು ಹೇಳಿ, ನಾನು ಉತ್ತರ ಕೊಡುತ್ತೇನೆ.