ಕಾರಿನ ಸ್ಕ್ಯಾನರ್‌ನಲ್ಲಿ ಪಿ0135 ಅನ್ನುವ ದೋಷದ ಕೋಡ್ ಬಂದಿದೆ. ಆಕ್ಸಿಜನ್ ಸೆನ್ಸರ್ ಒರಿಜಿನಲ್ಲೇ ಹಾಕಿಸಬೇಕಾ, ಲೋಕಲ್ ಸಾಕಾ?

ಎರಡೂ ಬೇಡ. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಸ್ಪೇರ್ ಅಂಗಡಿಗೆ ಹೋಗಿದ್ದೆ.

ನಮ್ಮದು ಸಾಗರದ ಕಡೆ ಹಳ್ಳಿ. ಮಳೆಗಾಲದಲ್ಲಿ ಕಾರು ಕೊಟ್ಟಿಗೆ ಪಕ್ಕ ನಿಂತೇ ಇತ್ತು. ಹೊರಗೆ ತೆಗೆದ ಮೇಲೆ ಚೆಕ್ ಎಂಜಿನ್ ಲೈಟು ಹತ್ತಿತು. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಇದೇ ಕೋಡ್, ಅಂದರೆ ಮೊದಲ ಸೆನ್ಸರಿನ ಹೀಟರ್ ಸರ್ಕ್ಯೂಟ್. ಎಂಜಿನ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗದೆ ಸರಿಯಾಗಿ ಕೆಲಸ ಮಾಡಲ್ಲ. ಅದಕ್ಕೇ ಒಳಗೊಂದು ಪುಟ್ಟ ಹೀಟರ್ ಇರುತ್ತದೆ. ಅದು ಕೈಕೊಟ್ಟರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯಬಹುದು, ಆದರೆ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ.

ನಾನೇನು ಕಣ್ಣು ಮುಚ್ಚಿ ಸೆನ್ಸರ್ ಕೊಂಡವನಲ್ಲ. ಫ್ಯೂಸ್ ನೋಡಿದೆ, ಸರಿ ಇತ್ತು. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರ್ ಹಿಡಿದೆ. 12 ವೋಲ್ಟ್ ತೋರಿಸಿತು. ಕರೆಂಟು ಬರ್ತಿದೆ, ಹಾಗಾದರೆ ಸೆನ್ಸರೇ ಹೋಗಿದೆ ಅಂದುಕೊಂಡೆ. ಕೆಟ್ಟಿದ್ದು ಇಲ್ಲೇ. ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಪೂರ್ತಿ 12 ತೋರಿಸುತ್ತದೆ. ಹೀಟರ್ ನಿಜವಾಗಿ ಕರೆಂಟು ಎಳೆದಾಗ ಆ ಒಂದು ಎಳೆ ಸಾಲದೆ ವೋಲ್ಟೇಜ್ ಕುಸಿಯುತ್ತದೆ. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ, ಅಲ್ವಾ? ತೆರೆದ ಮೇಲೆ ತಾನೇ ಗೊತ್ತಾಗುವುದು.

ಹೊಸ ಸೆನ್ಸರ್ ಹಾಕಿಸಿ ಕೋಡ್ ಅಳಿಸಿದೆ. ಲೈಟು ಹೋಯಿತು. ಖುಷಿಯೋ ಖುಷಿ. ಆಮೇಲೆ ಮತ್ತೆ ಬಂತು. ಸಾಮಾನ್ಯವಾಗಿ ಇಂಥ ದೋಷ ಒಂದರ ಹಿಂದೆ ಒಂದು ಎರಡು ಓಡಾಟದಲ್ಲಿ ಕಂಡರೆ ಮಾತ್ರ ಲೈಟು ಹತ್ತುತ್ತದೆ. ಹಾಗಾಗಿ ಅಳಿಸಿದ ತಕ್ಷಣ ಆರಿದ್ದಕ್ಕೆ ಅರ್ಥವೇ ಇಲ್ಲ. ಅಂಗಡಿಯವರು ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳಲೂ ಇಲ್ಲ.

ಕೊನೆಗೆ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಅದೇ ವೈರಿಗೆ ಹಿಡಿದರು. ಮಂಕಾಗಿ ಕೆಂಪಗಾಯಿತು, ಅಷ್ಟೇ. ಎಂಜಿನ್ ಹಿಂದಿನ ವೈರಿಂಗ್ ಎಳೆದು ನೋಡಿದರೆ ಇಲಿ ಕಡಿದಿತ್ತು. ಬೆಸುಗೆ ಹಾಕಿ ಸ್ಲೀವ್ ಏರಿಸಿದ್ದಕ್ಕೆ ಆದ ಖರ್ಚು ಹೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ.

ನೀವು ಹೀಗೆ ಮಾಡಿ. ಎಂಜಿನ್ ತಣ್ಣಗಿರಲಿ. ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಒಂದೇ ಬಣ್ಣದ ವೈರುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್, ಅಂದರೆ ಪ್ರತಿರೋಧ, ಅಳೆಯಿರಿ. ಹೀಟರ್ ವೈರುಗಳು ಸಾಮಾನ್ಯವಾಗಿ ಅವೇ. ಕೆಲವೇ ಓಮ್ ಬಂದರೆ ಹೀಟರ್ ಬದುಕಿದೆ. ಏನೂ ಬರದಿದ್ದರೆ ಮಾತ್ರ ಸೆನ್ಸರ್ ಕೊಳ್ಳಿ, ಆಗ ಒರಿಜಿನಲ್ಲೇ ಇರಲಿ. ವೈರು ಕತ್ತರಿಸಿ ಜೋಡಿಸುವ ಲೋಕಲ್ ಮಾಲು ಇನ್ನೊಂದು ತಲೆನೋವು. ಓಮ್ ಸರಿ ಇದ್ದರೆ ಕಾರಿನ ಕಡೆಯಿಂದ ಹೀಟರಿಗೆ ಕರೆಂಟು ತರುವ ಸಪ್ಲೈ ವೈರಿಗೂ ಬಾಡಿಗೂ ನಡುವೆ ಬಲ್ಬ್ ಹಿಡಿಯಿರಿ. ಕೆಲವು ಕಾರಿನಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ಸಪ್ಲೈ ಬರುತ್ತದೆ. ಬಲ್ಬ್ ಜೋರಾಗಿ ಉರಿದರೆ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ಹೋಗುವ ವೈರು ನೋಡಬೇಕು. ಆ ವೈರಿಗೆ ಮಾತ್ರ ನೇರವಾಗಿ 12 ವೋಲ್ಟ್ ಕೊಡಲೇಬೇಡಿ. ಇಸಿಯು ಸುಟ್ಟರೆ ಅದರ ಬೆಲೆ ಮುಂದೆ ಸೆನ್ಸರ್ ಏನೂ ಅಲ್ಲ.