ಹೊಲದಲ್ಲಿ ಮೇಯಿಸಿದ ಕುರಿ ಮಾಂಸವನ್ನು ನೇರವಾಗಿ ಮನೆಗಳಿಗೆ ಮಾರಿ ಬದುಕಬಹುದಾ?

ಊರಲ್ಲಿ 2 ಎಕರೆ ಇದೆ, 20 ಬನ್ನೂರು ಕುರಿ ತಂದು ಮೇಯಿಸಿ, ದಲ್ಲಾಳಿ ಇಲ್ಲದೆ ಮನೆಗಳಿಗೆ ಮಾಂಸ ಕೊಡಬೇಕು ಅಂತಿದ್ದೀನಿ, ಈಗಿನ ಕೆಲಸ ಬಿಡಬಹುದಾ ಅಂತ ಕೇಳಿದ್ದೀರಿ. ಕೆಲಸ ಈಗಲೇ ಬಿಡಬೇಡಿ. ಕುರಿಯನ್ನೂ ಈಗಲೇ ತರಬೇಡಿ. ಮೊದಲು 10 ಮನೆ ಹುಡುಕಿ.

ನಮ್ಮದು ಮಳವಳ್ಳಿ ತಾಲೂಕು. ಬನ್ನೂರು ಕುರಿ ಅಂತ ಎಲ್ಲರೂ ಕರೆಯುವ ತಳಿಯ ಮೂಲ ನಮ್ಮ ತಾಲೂಕಿನ ಬಂಡೂರು. ಅಪ್ಪ, ನಾನು, ನನ್ನ ಹೆಂಡತಿ ಸೇರಿ 30 ಹೆಣ್ಣುಕುರಿ ಸಾಕುತ್ತೇವೆ. ಮೈಸೂರಿನ ಮನೆಗಳಿಗೆ ಮಾಂಸ ಕೊಡಲು ಶುರು ಮಾಡಿ 7 ವರ್ಷವಾಯಿತು.

ಮೊದಲು ನಾನೂ ಕೆಜಿ ಲೆಕ್ಕದಲ್ಲೇ ಮಾರಿದೆ. ಒಬ್ಬರು ತೊಡೆ ಮಾತ್ರ ಬೇಕು ಅಂದರು. ಇನ್ನೊಬ್ಬರಿಗೆ ಮೂಳೆ ಬೇಡ. 24 ಕೆಜಿ ತೂಗುವ ಮರಿ ಕೊಯ್ದರೆ ಮೂಳೆ ಸೇರಿ ಸಿಗುವ ಮಾಂಸ 11, 12 ಕೆಜಿ ಅಷ್ಟೇ. ಕತ್ತು, ಪಕ್ಕೆ, ಬೋಟಿ, ತಲೆ, ಕಾಲು ಎಲ್ಲ ಹಾಗೇ ಉಳಿಯುತ್ತಿತ್ತು. ಹೊತ್ತು ಏರಿದ ಮೇಲೆ ಸಿಕ್ಕಿದ ಬೆಲೆಗೆ ಊರಲ್ಲೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಮೂರು ತಿಂಗಳು ನೋಡಿದ ಅಪ್ಪ ಒಂದೇ ಮಾತು ಹೇಳಿದರು: "ಗುಡ್ಡೆ ಹಾಕೋ."

ಗುಡ್ಡೆ ಬಾಡು, ಅಂದರೆ ಪಾಲು ಪಾಲಾಗಿ ಗುಡ್ಡೆ ಹಾಕಿ ಹಂಚುವ ಮಾಂಸ, ನಮ್ಮ ಕಡೆ ಹೊಸದೇನಲ್ಲ. ಹತ್ತು ಮನೆಯವರು ಸೇರಿ ಒಂದು ಮರಿ ಹಿಡಿದು, ಕೊಯ್ದು, ಸಮನಾಗಿ ಹಂಚಿಕೊಳ್ಳುತ್ತಾರೆ. ಅದನ್ನೇ ನಾನು ಮೈಸೂರಿಗೆ ಒಯ್ದೆ. ವಾಟ್ಸಾಪ್ ಗುಂಪಿನಲ್ಲಿ 10 ಪಾಲು ಭರ್ತಿಯಾಗುವವರೆಗೆ ಮರಿಯ ಮೇಲೆ ಕತ್ತಿ ಇಡುವುದಿಲ್ಲ. 9 ಆದರೆ ಆ ವಾರ ಇಲ್ಲ. ನನ್ನ ವ್ಯಾಪಾರ ಉಳಿದಿದ್ದು ಈ ಒಂದು ಕಟ್ಟುನಿಟ್ಟಿನಿಂದ.

ಭಾನುವಾರ ಬೆಳಿಗ್ಗೆ 5 ಗಂಟೆಗೆ ಬಾಳೆ ಎಲೆ ಹಾಸಿ ಅಪ್ಪ ಕೂರುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯದೊಂದಿಷ್ಟು, ಪಕ್ಕೆಯದೊಂದಿಷ್ಟು, ಒಂದು ಚೂರು ಲಿವರ್, ಒಂದು ಚೂರು ಕೊಬ್ಬು. ತಕ್ಕಡಿ ಪಕ್ಕದಲ್ಲೇ ಇದ್ದರೂ ಕಣ್ಣಲ್ಲೇ ಅಳೆಯುತ್ತಾರೆ. ಈ ಗುಡ್ಡೆಯಿಂದ ಒಂದು ತುಂಡು ಆಚೆ, ಆ ಗುಡ್ಡೆಯಿಂದ ಒಂದು ತುಂಡು ಈಚೆ. ಆಮೇಲೆ ನಾನು ತೂಕ ಹಾಕಿದರೆ ವ್ಯತ್ಯಾಸ 50 ಗ್ರಾಂ ದಾಟುವುದು ಅಪರೂಪ. ತಲೆ, ಕಾಲು, ಬೋಟಿ ಸರದಿ ಪ್ರಕಾರ, ಬೇರೆ ದುಡ್ಡು.

ಮಾಂಸ ಬೇಯಲಿಲ್ಲ ಅನ್ನುವ ದೂರು ನಿಮಗೂ ಬಂದೇ ಬರುತ್ತದೆ. ಮೊದಲ ವರ್ಷ ನನಗೆ ಸಾಕಾಗಿ ಹೋಗಿತ್ತು. ಮರಿಯನ್ನು ಬಿಸಿಲಲ್ಲಿ ಗೂಡ್ಸ್ ಆಟೋದಲ್ಲಿ ಮೈಸೂರಿಗೆ ಸಾಗಿಸಿ, ಇಳಿಸಿದ ಕೂಡಲೇ ಕೊಯ್ಯಿಸುತ್ತಿದ್ದೆ. ಹೆದರಿ ದಣಿದ ಮರಿಯ ಮಾಂಸ ಕಪ್ಪಗೆ, ಗಡುಸಾಗಿ ಬರುತ್ತದೆ. ಜೊತೆಗೆ, ಕೊಯ್ದ ಕೆಲವು ಗಂಟೆಗೆ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಲ್ಲಿ ಕುಕ್ಕರಿಗೆ ಹಾಕಿದರೆ ಎಷ್ಟು ವಿಷಲ್ ಕೂಗಿಸಿದರೂ ನಾರು ನಾರು. ತಣ್ಣಗೆ ಒಂದು ರಾತ್ರಿ ಇಟ್ಟರೆ ತಾನಾಗಿ ಸಡಿಲವಾಗುತ್ತದೆ. ಈಗ ನಮ್ಮಲ್ಲೇ ಶನಿವಾರ ಸಂಜೆ ಕೊಯ್ಯುತ್ತೇವೆ. ಅದಕ್ಕೆ ಮುಂಚೆ ಮರಿಗೆ ಮೇವು ನಿಲ್ಲಿಸಿ, ನೀರು ಮಾತ್ರ ಕೊಟ್ಟು, ನೆರಳಲ್ಲಿ ಬಿಡುತ್ತೇವೆ. ಕೊಯ್ದ ಮಾಂಸವನ್ನು ರಾತ್ರಿ ಫ್ರಿಜ್‌ನಂಥ ಕೂಲರ್‌ನಲ್ಲಿ ತೂಗು ಹಾಕುತ್ತೇವೆ. ಶನಿವಾರ ಬಾಡು ಮುಟ್ಟದ ಅಪ್ಪ ಇದಕ್ಕೆ ಒಪ್ಪಲು ತಿಂಗಳುಗಟ್ಟಲೆ ಹಿಡಿಯಿತು. ಈಗ ಆ ದೂರು ಇಲ್ಲ. ಪಂಚಾಯಿತಿ ಅನುಮತಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಎರಡನ್ನೂ ಶುರುವಿನಲ್ಲೇ ಮಾಡಿಸಿಕೊಳ್ಳಿ.

ಮೇವಿನ ಮಾತಿಗೆ ಬಂದರೆ, 2 ಎಕರೆಯಲ್ಲಿ 20 ಕುರಿ ಮೇಯುವುದಿಲ್ಲ. ನಮ್ಮವು ಬದು, ಗೋಮಾಳ, ರಾಗಿ ಕೊಯ್ದ ಹೊಲಗಳಲ್ಲಿ ಮೇಯುತ್ತವೆ. ಅಕ್ಕಪಕ್ಕದವರ ಹೊಲದಲ್ಲಿ ಕೆಲವು ರಾತ್ರಿ ಮಂದೆ ನಿಲ್ಲಿಸಿದರೆ ಅವರಿಗೆ ಹಿಕ್ಕೆ ಗೊಬ್ಬರ, ನಮಗೆ ಮೇವು. ಬೇಸಿಗೆಗೆ ಹುರುಳಿ ಹೊಟ್ಟು, ಬೇಲಿ ಮೆಂತ್ಯ ಇಟ್ಟುಕೊಳ್ಳಬೇಕು. ನಾಲೆ ಪಕ್ಕದ ಜೌಗು ಹುಲ್ಲಿಗೆ ಮಾತ್ರ ಬಿಡಬೇಡಿ. ಅಲ್ಲಿನ ಬಸವನಹುಳದಿಂದ ಕುರಿಯ ಲಿವರ್‌ಗೆ ಹುಳ ಬೀಳುತ್ತದೆ. ಅಂಥ ಲಿವರ್ ಗುಡ್ಡೆಗೆ ಹಾಕಲು ಬರುವುದಿಲ್ಲ.

ಕರುಳುಬೇನೆ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿ. ಒಂದು ವರ್ಷ ನಾನು ಮುಂದಿನ ವಾರ ನೋಡೋಣ ಅಂದುಕೊಂಡೆ. ಮೊದಲ ಮಳೆಗೆ ಎಳೆ ಹುಲ್ಲು ಬಂತು, ಮರಿಗಳು ಹೊಟ್ಟೆ ತುಂಬ ಮೇದವು. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ 4 ಮರಿ ಕಾಲು ಚಾಚಿ ಮಲಗಿದ್ದವು, ಎಲ್ಲಕ್ಕಿಂತ ಚೆನ್ನಾಗಿ ಮೈ ತುಂಬಿದ್ದವೇ. ಅವತ್ತು ನನ್ನ ಹೆಂಡತಿ ಒಲೆ ಹಚ್ಚಲಿಲ್ಲ.

ತಳಿ ನೋಡಿ ತಗೊಳ್ಳಿ. ಬಿಳಿ ಮೈ, ಕಂದು ಮುಖ ಇದ್ದರೆ ಸಾಕು, ಸಂತೆಯಲ್ಲಿ ಬನ್ನೂರು ಅಂತ ಕಟ್ಟಿಬಿಡುತ್ತಾರೆ. ಅಸಲಿ ಕುರಿ ಗಿಡ್ಡ, ಅಗಲ ಬೆನ್ನು. ಹಿಂದಿನಿಂದ ನೋಡಿದರೆ ತೊಡೆಗಳು ಬೋರಲು ಹಾಕಿದ ಲಾಳದ ಹಾಗೆ ಕಾಣಬೇಕು.

ಇನ್ನು ಹೊಸತೊಡಕು. ಯುಗಾದಿ ಮಾರನೇ ದಿನ ಇಡೀ ಹಳೇ ಮೈಸೂರಿಗೆ ಬಾಡು ಬೇಕು. ಶ್ರಾವಣದಲ್ಲಿ ಫೋನೇ ಮಾಡದವರು ಆಗ ದಿನಕ್ಕೆ ಮೂರು ಸಲ ಮಾಡುತ್ತಾರೆ. ಒಂದು ವರ್ಷ ನಮ್ಮಲ್ಲಿ ಕೊಯ್ಯುವಂಥವು 5 ಇದ್ದವು, ಕೇಳಿದವರು 80 ಮನೆ. ಆಸೆಗೆ ಬಿದ್ದು ಸಂತೆಯಿಂದ 3 ಮರಿ ತಂದು ನಮ್ಮದೇ ಅಂತ ಕೊಟ್ಟೆ. ಮಾರನೇ ದಿನ ಮೈಸೂರಿನ ಸರಸ್ವತಿಪುರಂನ ಒಬ್ಬ ಅಜ್ಜಿ ಫೋನ್ ಮಾಡಿದರು. "ಈ ಸಲದ್ದು ನಿಮ್ಮ ಹಟ್ಟಿ ಮರಿ ಅಲ್ಲ ಅಲ್ವೇನಪ್ಪಾ? ಸಾರಿನ ಮೇಲೆ ನಿಂತ ಜಿಡ್ಡೇ ಬೇರೆ ಇತ್ತು." ಬೈಯಲಿಲ್ಲ, ಅಷ್ಟೇ ಕೇಳಿದರು. ಹೌದು ಅಜ್ಜಿ, ತಪ್ಪಾಯ್ತು ಅಂದೆ. ಆ 3 ಮರಿಯ 30 ಮನೆಗೂ ಫೋನ್ ಮಾಡಿ ನಿಜ ಹೇಳಿದೆ. 6 ಮನೆಯವರು ಬಿಟ್ಟು ಹೋದರು. ಅಜ್ಜಿ ಇವತ್ತಿಗೂ ತಗೊಳ್ಳುತ್ತಾರೆ. ಈಗ ನಮ್ಮ ಮರಿ ಮುಗಿದರೆ ಮುಗಿಯಿತು, ಸುಮ್ನೆ ಇಲ್ಲ ಅಂದುಬಿಡುತ್ತೇನೆ.

ದುಡ್ಡಿನ ಲೆಕ್ಕ ಮುಚ್ಚಿಡುವುದಿಲ್ಲ. 30 ಕುರಿಯಿಂದ, ಸತ್ತವು ಮತ್ತು ಹಟ್ಟಿಗೆ ಉಳಿಸಿಕೊಂಡವು ಕಳೆದು, ವರ್ಷಕ್ಕೆ ಸುಮಾರು 24 ಮರಿ ಮಾರಾಟಕ್ಕೆ ಸಿಗುತ್ತವೆ. ಗುಡ್ಡೆಗೆ 1,300 ರೂಪಾಯಿ. ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರಿ ಇದೇ ಮರಿಗೆ 9,000 ಹೇಳುತ್ತಾನೆ, ಮೇವು, ಔಷಧಿಯ ಖರ್ಚು ಅದರಲ್ಲೇ ಕಳೆಯಬೇಕು. ನನಗೆ ಮೇವು, ಔಷಧಿ, ಕೊಯ್ಯುವ ಕೂಲಿ, ಪೆಟ್ರೋಲ್ ಎಲ್ಲ ಕಳೆದು ಮರಿಗೆ 9,000 ಉಳಿಯುತ್ತದೆ. ಅಂದರೆ ತಿಂಗಳಿಗೆ 18,000. ದಿನಾ ಮೇಯಿಸುವ ಅಪ್ಪನಿಗೆ ಕೂಲಿ ಹಿಡಿದರೆ ಇದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ರಾಗಿ, ರೇಷ್ಮೆ ಇರುವುದರಿಂದ ನಮ್ಮ ಸಂಸಾರ ನಡೆಯುತ್ತಿದೆ. ನಿಮ್ಮ 20 ಕುರಿಗೆ ವರ್ಷಕ್ಕೆ 15, 16 ಮರಿ ಅಂತ ಹಿಡಿದುಕೊಳ್ಳಿ. ಮೇಯಿಸುವವರು ಯಾರು ಅನ್ನುವುದನ್ನು ಮನೆಯಲ್ಲಿ ಕೂತು ಮಾತಾಡಿ.

ಈಗ ಮಾಡಬೇಕಾದ್ದು ಇಷ್ಟು. ನಿಮ್ಮ ಆಫೀಸಿನಲ್ಲಿ, ಬೀದಿಯಲ್ಲಿ 10 ಮನೆ ಸೇರಿಸಿ. ನಂಬಿಕೆಯ ರೈತರೊಬ್ಬರಿಂದ ಒಂದೇ ಒಂದು ಮರಿ ಕೊಂಡು, ಎಲ್ಲಿಯದು ಅಂತ ಹೇಳಿಯೇ ಗುಡ್ಡೆ ಹಾಕಿ. ಹೀಗೇ ನಡೆಸಿ, ಆರು ತಿಂಗಳು ಅದೇ ಹತ್ತು ಮನೆ ನಿಂತರೆ 5 ಹೆಣ್ಣುಕುರಿ, 1 ಟಗರು ತನ್ನಿ. ಅಷ್ಟರಲ್ಲಿ ಮಳವಳ್ಳಿ ಕಡೆ ಬಂದರೆ ತಿಳಿಸಿ. ಭಾನುವಾರ ಬೆಳಿಗ್ಗೆ 5 ಗಂಟೆಗೆ ಅಪ್ಪನ ಪಕ್ಕ ಕೂತು ನೀವೇ ಒಂದು ಗುಡ್ಡೆ ಹಾಕಿ ನೋಡಬಹುದು.